ಗಿಳಿಹಸಿರು ಪಿಸ್ತೂಲಿನ ಪರೀಕ್ಷೆ

ಅಳಿಯ ಮನೆಯಲ್ಲೇ ಪಿಸ್ತೂಲು ಮಾಡಿದ ಸಂಗತಿ ಬಂದೂಕು ಮೇಸ್ತ್ರಿಗೆ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಮಗಳ ಮನೆಯಲ್ಲಿ ಕೈ ತೊಳೆದು ಊಟಕ್ಕೆ ಕೂತಾಗ. ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಕೊಂಡು ಅದು ಮಲಗಿತ್ತು. ಬಣ್ಣ ಗಿಳಿಹಸಿರು. ಸೋಪಿನ ಪೆಟ್ಟಿಗೆ ಮಾಡಿ ಉಳಿದ ಪ್ಲಾಸ್ಟಿಕ್ಕಿನ ಸುರುಳಿ ಆ ಬಣ್ಣದ್ದಿತ್ತಂತೆ. ಸುಮ್ಮನೆ ಪೋಲು ಮಾಡುವುದೇಕೆಂದು ಅಳಿಯ ಅದರಲ್ಲಿ ಪಿಸ್ತೂಲು ತೆಗೆದಿದ್ದ.

ಅಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಎರಡು ವರ್ಷದ ಹಿಂದೆ ಮನೆಗೊಂದು ಪ್ರಿಂಟರ್ ತಂದಿದ್ದ. ಕಾಗದದ ಮೇಲೆ ಅಕ್ಷರ ಒತ್ತುವಂಥದ್ದಲ್ಲ. ಪ್ಲಾಸ್ಟಿಕ್ ಕರಗಿಸಿ, ಪದರದ ಮೇಲೆ ಪದರ ಕೂರಿಸಿ, ಹೇಳಿದ ಆಕಾರಕ್ಕೆ ಸಾಮಾನು ಕಟ್ಟಿಕೊಡುವ ಯಂತ್ರ. ಮೊದಲು ಸೋಪಿನ ಪೆಟ್ಟಿಗೆ ಬಂತು. ಆಮೇಲೆ ಟವೆಲ್ ನೇತುಹಾಕುವ ಕೊಕ್ಕೆ, ಕೊಕ್ಕೆಗಳನ್ನು ಇಡಲು ಡಬ್ಬಿ, ಡಬ್ಬಿಗೊಂದು ಮುಚ್ಚಳ, ಮುಚ್ಚಳ ಕಳೆದುಹೋದರೆ ಇರಲಿ ಎಂದು ಇನ್ನೊಂದು. ಮನೆಗೆ ಬೇಕಾದದ್ದೆಲ್ಲ ಮುಗಿದ ಮೇಲೆ ಬೇಡವಾದದ್ದು ಶುರುವಾಯಿತು.

"ಹೇಗಿದೆ ಮಾವ?" ಎಂದ ಅಳಿಯ, ಹೊಸ ಮಗುವನ್ನು ತೋರಿಸುವವನ ಹಾಗೆ.

ಮೇಸ್ತ್ರಿ ಎಡಗೈಯಲ್ಲಿ ಎತ್ತಿ ನೋಡಿದ. ಐವತ್ತೆರಡು ವರ್ಷ ಬಂದೂಕು ಬಿಚ್ಚಿ ಜೋಡಿಸಿದ ಕೈಗೆ ಅದು ಬಾಚಣಿಗೆ ಹಿಡಿದ ಹಾಗಾಯಿತು.

"ಕಟ್ಟಿ ಎಳೆದು ನೋಡಿದ್ರಾ?"

"ಕಟ್ಟೋದಾ?"

"ಗಟ್ಟಿ ಮೇಜಿಗೆ ಕಟ್ಟಬೇಕು. ಗುಂಡು ಹಾಕಿ, ಅಡ್ಡಗೋಡೆ ಹಿಂದೆ ನಿಂತು ದಾರ ಎಳೀಬೇಕು."

"ಅದೆಲ್ಲ ಹಳೇ ಕಾಲ ಮಾವ. ನಾನು ಕಂಪ್ಯೂಟರಲ್ಲಿ ಲೆಕ್ಕ ಹಾಕಿದೀನಿ. ಎಲ್ಲೆಲ್ಲಿ ಎಷ್ಟು ಒತ್ತಡ ಬೀಳುತ್ತೆ ಅಂತ ಬಣ್ಣ ಬಣ್ಣವಾಗಿ ತೋರಿಸುತ್ತೆ."

"ಒಳ್ಳೇದು. ಬಣ್ಣಕ್ಕೆ ಬೆರಳಿರಲ್ಲ ನೋಡಿ," ಎಂದು ಮೇಸ್ತ್ರಿ ಅದನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಊಟಕ್ಕೆ ಕೈ ಹಾಕಿದ.

ಮೇಸ್ತ್ರಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವನ ಅಣ್ಣ, ರಿಪೇರಿ ಮಾಡಿದ ಒಂದು ಬಂದೂಕನ್ನು ಕಟ್ಟಿ ಎಳೆಯದೆ ಭುಜಕ್ಕಿಟ್ಟು ಹೊಡೆದಿದ್ದ. ಗಿರಾಕಿ ಅವಸರ ಮಾಡಿದ್ದ, ಅಷ್ಟೆ. ಆಮೇಲೆ ಮೂವತ್ತು ವರ್ಷ ಅಣ್ಣನ ಅಂಗಿಯ ಗುಂಡಿಯನ್ನು ಅತ್ತಿಗೆಯೇ ಹಾಕುತ್ತಿದ್ದಳು. ಹೆಬ್ಬೆರಳಿಲ್ಲದ ಕೈ ಗುಂಡಿಯ ಮುಂದೆ ಎಷ್ಟು ದಡ್ಡ ಎಂಬುದನ್ನು ಮೇಸ್ತ್ರಿ ದಿನಾ ಬೆಳಗ್ಗೆ ನೋಡಿದ್ದ. ಅಂದಿನಿಂದ ಅವನ ಅಂಗಡಿಯಲ್ಲಿ ಒಂದು ಸ್ಪ್ರಿಂಗ್ ಬದಲಾದರೂ ಬಂದೂಕು ಹಿತ್ತಲ ಶೆಡ್ಡಿಗೆ ಹೋಗಿ, ಮೇಜಿಗೆ ಕಟ್ಟಿಸಿಕೊಂಡು, ಮೂರು ಗುಂಡು ಹಾರಿಸಿಯೇ ಗಿರಾಕಿಯ ಕೈ ಸೇರುತ್ತಿತ್ತು.

ಸ್ಪ್ರಿಂಗ್ ಬದಲಾಯಿಸಿದ್ದಕ್ಕೆ ಅರ್ಜಿ ಬೇರೆ, ಮೂರು ಪ್ರತಿ. ಅಳಿಯನ ಪಿಸ್ತೂಲಿಗೆ ಅರ್ಜಿಯೂ ಇಲ್ಲ, ಪ್ರತಿಯೂ ಇಲ್ಲ. ಕಾಯ್ದೆ ಬರೆದ ಹಿರಿಯರು ಬಂದೂಕು ಎಂದರೆ ಲೋಹದ ನಳಿಗೆ ಉಳ್ಳದ್ದು ಎಂದು ಬರೆದಿಟ್ಟು ಸತ್ತುಹೋಗಿದ್ದರು. ಹಾಗಾಗಿ ಮೇಸ್ತ್ರಿ ಬಿಚ್ಚಿಟ್ಟ ತುಕ್ಕು ಹಿಡಿದ ನಳಿಗೆ ಆಯುಧ. ಅಳಿಯನ ಪಿಸ್ತೂಲು ಸೋಪಿನ ಪೆಟ್ಟಿಗೆಯ ತಮ್ಮ.

ಈ ತೂತು ಮುಚ್ಚಲೆಂದೇ ಸರ್ಕಾರ ಒಂದು ಸಮಿತಿ ಮಾಡಿತ್ತು. ಸಮಿತಿ ಒಂದು ವರ್ಷದಿಂದ ಚಹಾ ಬಿಸ್ಕತ್ತಿನೊಂದಿಗೆ ತೂತನ್ನು ಸುತ್ತಲಿಂದಲೂ ನೋಡುತ್ತಿತ್ತು. ಸಾರ್ವಜನಿಕರ ಅಹವಾಲು ಕೇಳುತ್ತೇವೆಂದು ಅವರು ಪತ್ರಿಕೆಯಲ್ಲಿ ಹಾಕಿದ್ದೇ ತಡ, ಅಳಿಯ ಪಿಸ್ತೂಲನ್ನು ಊಟದ ಚೀಲದಲ್ಲಿಟ್ಟುಕೊಂಡು ಸಭೆಗೆ ಹೊರಟ. ಹಿಂದಿನ ಸಾಲಿನಲ್ಲಿ ಮೇಸ್ತ್ರಿ, ಅವನ ಪಕ್ಕ ಮುಖ ಬಿಗಿದುಕೊಂಡು ಮಗಳು.

ಸಮಿತಿಯ ಅಧ್ಯಕ್ಷೆ ದೊಡ್ಡ ಹುದ್ದೆಯಿಂದ ನಿವೃತ್ತಿಯಾದ ಹೆಂಗಸು. ಪಿಸ್ತೂಲು ನೋಡಿ ಕನ್ನಡಕ ಸರಿಪಡಿಸಿಕೊಂಡರು.

"ಹೀಗೇ ಬಿಟ್ರೆ ಮನೆಗೊಂದು ಶಸ್ತ್ರಾಗಾರ ಆಗುತ್ತೆ ಮೇಷ್ಟ್ರೇ. ನಂಬರಿಲ್ಲ, ಲೈಸೆನ್ಸಿಲ್ಲ, ಯಾರ ಕೈಲಿದೆ ಅಂತ ಗೊತ್ತಾಗಲ್ಲ."

"ಇದು ಬರೀ ಜ್ಞಾನ ಮೇಡಮ್. ಒಂದು ಫೈಲು. ಜ್ಞಾನಕ್ಕೆ ಬೀಗ ಹಾಕ್ತೀರಾ? ಹಾಗಾದ್ರೆ ಅಡುಗೆಮನೆ ಚಾಕುಗೂ ಲೈಸೆನ್ಸ್ ಕೊಡಿ."

"ಚಾಕು ನೂರು ಅಡಿ ಹಾರಲ್ಲ."

"ನಮ್ಮನೇಲಿ ಹಾರುತ್ತೆ," ಎಂದ ಅಳಿಯ. ಸಭೆ ನಕ್ಕಿತು. ಮಗಳು ನಗಲಿಲ್ಲ.

ಸದಸ್ಯರೊಬ್ಬರು ಪ್ರಿಂಟರುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿಡಬೇಕು, ಸೋಪಿನ ಪೆಟ್ಟಿಗೆ ಬೇಕಾದವರು ಅಲ್ಲಿಗೇ ಬಂದು ತೆಗೆದುಕೊಳ್ಳಲಿ ಎಂದರು. ಇನ್ನೊಬ್ಬರು, ಪಿಸ್ತೂಲಿನ ಆಕಾರ ಬಂದ ಕೂಡಲೇ ಯಂತ್ರ ತಾನೇ ಕೂಗಿಕೊಳ್ಳುವಂತೆ ಮಾಡಬೇಕು ಎಂದರು. ಹೇಗೆ ಎಂದು ಕೇಳಿದ್ದಕ್ಕೆ ಅದು ತಜ್ಞರ ಕೆಲಸ ಎಂದರು. ಆಗ ಎಲ್ಲರ ಕಣ್ಣು ಹಿಂದಿನ ಸಾಲಿನ ಮೇಸ್ತ್ರಿಯ ಮೇಲೆ ಬಿತ್ತು. ಊರಿನಲ್ಲಿ ಬಂದೂಕಿನ ಕೆಲಸಕ್ಕೆ ಪರವಾನಗಿ ಇದ್ದವನು ಅವನೊಬ್ಬನೇ.

ಮೇಸ್ತ್ರಿ ಎದ್ದು ನಿಂತ. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ. "ಕಾನೂನು ಬೇಕು ಅಂದ್ರೆ ಮಾಡಿ. ನಾನು ಅರ್ಜಿ ತುಂಬಿಕೊಂಡೇ ಬದುಕಿದೋನು, ನಂಗೇನೂ ಆಗಿಲ್ಲ. ಆದ್ರೆ ಮೊದಲು ಕಟ್ಟಿ ಎಳೀರಿ. ಹತ್ರ ಯಾರ ಕೈನೂ ಇರಬಾರದು. ಅಷ್ಟೇ ನನ್ನ ಮಾತು."

ಗುಮಾಸ್ತ ಬರೆದುಕೊಂಡ: ಮೇಸ್ತ್ರಿಯವರು ನಿಯಂತ್ರಣದ ಪರ. ಅಳಿಯನ ಜೊತೆ ಬಂದಿದ್ದ ಗೆಳೆಯರೂ ಬರೆದುಕೊಂಡರು: ಹಿರಿಯ ಕುಶಲಕರ್ಮಿಯಿಂದ ಕಾನೂನಿಗೆ ವಿರೋಧ. ಕಟ್ಟಿ ಎಳೆಯುವ ಮಾತು ಯಾರ ಪುಸ್ತಕದಲ್ಲೂ ಇಳಿಯಲಿಲ್ಲ.

ಕೊನೆಗೆ ಒಂದು ಪ್ರಯೋಗ ಮಾಡಿಯೇ ನೋಡುವುದೆಂದು ತೀರ್ಮಾನವಾಯಿತು. ಅಳಿಯನ ಹತ್ತಿರ ಗುಂಡಿರಲಿಲ್ಲ. ಪಿಸ್ತೂಲಿಗಿಲ್ಲದ ಕಾಯ್ದೆ ಗುಂಡಿಗಿತ್ತು. ಗುಂಡು ನಾವು ಕೊಡುತ್ತೇವೆ ಎಂದಿತು ಸಮಿತಿ. ಸಿಡಿದರೆ ಇದು ಅಪಾಯ ಎಂದು ಸಾಬೀತಾಗುತ್ತದೆ ಎಂದರು ಅಧ್ಯಕ್ಷೆ. ಸಿಡಿಯದಿದ್ದರೆ ಅಪಾಯವಿಲ್ಲ ಎಂದು ಸಾಬೀತಾಗುತ್ತದೆ ಎಂದ ಅಳಿಯ. ಸಿಡಿಯದ ಪಿಸ್ತೂಲು ಎದುರು ನಿಂತವನಿಗೆ ಏನು ಮಾಡುತ್ತದೆ ಎಂಬುದು ಆ ಹೊತ್ತಿಗೆ ಇಬ್ಬರಿಗೂ ಮರೆತುಹೋಗಿತ್ತು.

"ದಾರ ಕಟ್ಟೋಣ," ಎಂದ ಮೇಸ್ತ್ರಿ ಮತ್ತೆ.

"ನಮ್ಮ ಪ್ರಶ್ನೆ ಮನೇಲಿ ಜನ ಇದನ್ನ ಹೇಗೆ ಬಳಸ್ತಾರೆ ಅನ್ನೋದು," ಎಂದರು ಅಧ್ಯಕ್ಷೆ. "ಮನೇಲಿ ಯಾರಾದ್ರೂ ಮೇಜಿಗೆ ಕಟ್ಟಿ ಹೊಡೀತಾರಾ? ಪರೀಕ್ಷೆಯ ನಮೂನೆಯಲ್ಲೇ ಇದೆ, ಕೈಯಲ್ಲಿ ಹಿಡಿದು ಅಂತ."

"ದಾರ ಕಟ್ಟಿದ್ರೆ ನಂಗೇ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ ಮಾವ," ಎಂದ ಅಳಿಯ. "ನನ್ನ ಕೈಲೇ ಹೊಡೀತೀನಿ."

ಒಂದು ವರ್ಷದ ಜಗಳದಲ್ಲಿ ಎರಡೂ ಕಡೆಯವರು ಒಪ್ಪಿಕೊಂಡ ಮೊದಲನೆಯ ವಿಷಯ ಅಳಿಯನ ಬಲಗೈ. ಆ ಸಂತೋಷಕ್ಕೆ ಇನ್ನೊಂದು ಸುತ್ತು ಚಹಾ ಬಂತು. ಕೈಗೆ ಏನಾದರೂ ಆದರೆ ಸಮಿತಿ ಹೊಣೆಯಲ್ಲ ಎಂಬ ಕಾಗದವೂ ಒಂದು ತಪ್ಪಿಲ್ಲದೆ ಟೈಪಾಗಿ ಬಂತು. ಪೊಲೀಸ್ ಮೈದಾನದಲ್ಲಿ ಆ ವಾರ ಆಟೋಟ ಇದ್ದುದರಿಂದ ಜಾಗ ಮೇಸ್ತ್ರಿಯ ಹಿತ್ತಲ ಶೆಡ್ಡು ಎಂದಾಯಿತು. ಪರವಾನಗಿ ಉಳ್ಳ ಕುಶಲಕರ್ಮಿಯ ಸಮಕ್ಷಮದಲ್ಲಿ ನಡೆಯಿತು ಎಂದು ಮೇಸ್ತ್ರಿ ಸಹಿ ಹಾಕಿದರೆ ಸಾಕು. ಬಾಯಿ ತೆರೆಯುವ ಶ್ರಮ ಬೇಡ.

ಪರೀಕ್ಷೆಯ ಹಿಂದಿನ ದಿನ ಸಂಜೆ ಮಗಳು ಅಂಗಡಿಗೆ ಬಂದಳು. ಚಪ್ಪಲಿ ಬಿಡದೆ ಸ್ಟೂಲಿನ ಮೇಲೆ ಕೂತಳು.

"ನೀನು ಸಹಿ ಹಾಕಬೇಡಪ್ಪ."

"ನಾನು ಹಾಕದಿದ್ರೆ ಬೇರೆ ಊರಿಂದ ಕರೆಸ್ತಾರೆ ಕಣೇ. ಅವನಿಗೆ ನಿನ್ನ ಗಂಡ ಯಾರೋ ಏನೋ."

"ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ಮೊನ್ನೆ ಅದನ್ನ ಒಳಕಲ್ಲಿಗೆ ಹಾಕಿ ಜಜ್ಜಿಬಿಟ್ಟೆ. ಬೆಳಗಾಗೋದ್ರೊಳಗೆ ಯಂತ್ರ ಇನ್ನೊಂದು ಹಡೆದು ಇಟ್ಟಿತ್ತು. ಮಾತಿಲ್ಲ ಕತೆಯಿಲ್ಲ, ಅದನ್ನ ಚೀಲಕ್ಕೆ ಹಾಕ್ಕೊಂಡು ಸ್ಕೂಲಿಗೆ ಹೋದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಬೋರ್ಡಿನ ಮೇಲೆ ಬರೆಯೋ ಕೈ ಅಪ್ಪ ಅದು."

ಮೇಸ್ತ್ರಿ ಅರದಿಂದ ತಲೆ ಎತ್ತಲಿಲ್ಲ. "ಆ ಕೈಗೆ ಏನೂ ಆಗಲ್ಲ, ಹೋಗು. ಮನೇಲಿ ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದೀಯೋ ಏನೋ."

ಅವಳು ಹೋದ ಮೇಲೆ ತುಂಬಾ ಹೊತ್ತು ಅವನು ತನ್ನ ಬಲಗೈಯನ್ನು ಮಗ್ಗುಲು ಬದಲಿಸಿ ನೋಡಿದ. ಉಪಾಯ ಗಿಪಾಯ ಏನೂ ಅವನಲ್ಲಿರಲಿಲ್ಲ. ಒಂದು ಕೈ ಹೋಗುವುದೇ ಆದರೆ ಹಳೆಯದು ಹೋಗಲಿ ಎಂಬ ಅಂಗಡಿಯವನ ಲೆಕ್ಕ, ಅಷ್ಟೆ.

ಮರುದಿನ ಬೆಳಗ್ಗೆ ಹತ್ತಕ್ಕೆ ಸಮಿತಿ ಬಂತು. ಕುರ್ಚಿಗಳು ಬಂದವು, ಬಿಸ್ಕತ್ತು ಬಂತು, ಕಿವಿಗೆ ಹಾಕಿಕೊಳ್ಳುವ ಮುಚ್ಚಳಗಳು ಬಂದವು. ಮುಚ್ಚಳ ಐದು, ಜನ ಆರು. ಗುಮಾಸ್ತ ಹತ್ತಿ ಇಟ್ಟುಕೊಂಡ. ಎಲ್ಲರೂ ಅಡ್ಡಗೋಡೆಯ ಹಿಂದೆ ಕೂತರು; ಎರಡು ಅಂಗುಲ ದಪ್ಪದ ಹಲಗೆಗಳ ಗೋಡೆ, ನಡುವೆ ಗಾಜಿನ ಒಂದು ಸಣ್ಣ ಕಿಂಡಿ. ಅಪಾಯ ಇದೆ ಎನ್ನುವವರೂ ಇಲ್ಲ ಎನ್ನುವವರೂ ಒಂದೇ ಹಲಗೆಯ ಹಿಂದೆ ಒತ್ತಿಕೊಂಡು ಕೂತದ್ದನ್ನು ಮೇಸ್ತ್ರಿ ನೋಡಿದ. ಮಗಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

ಅಳಿಯ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡ. ಅದೂ ಗಿಳಿಹಸಿರು.

ಪಿಸ್ತೂಲು ತಪಾಸಣೆಗೆಂದು ಮೇಸ್ತ್ರಿಯ ಕೈಗೆ ಬಂತು. ಅವನು ನಳಿಗೆ ನೋಡಿದ, ಹಿಂಭಾಗ ನೋಡಿದ, ಗುಮಾಸ್ತ ಸಹಿ ಹಾಕಿಸಿಕೊಂಡು ಕೊಟ್ಟ ಗುಂಡನ್ನು ಒಳಗೆ ಕೂರಿಸಿದ. ಆಮೇಲೆ ಅದನ್ನು ವಾಪಸು ಕೊಡದೆ, ಗುರಿಯ ಮರಳು ಮೂಟೆಗಳ ಕಡೆ ಮುಖ ಮಾಡಿ ನಿಂತುಬಿಟ್ಟ.

"ಮೊದಲನೇ ಗುಂಡು ನಂದು."

"ನಮೂನೆಯಲ್ಲಿ ಮೇಷ್ಟ್ರ ಹೆಸರಿದೆಯಲ್ಲ," ಎಂದರು ಅಧ್ಯಕ್ಷೆ ಕಿಂಡಿಯಿಂದ.

"ಹೊಡೆದುಹಾಕಿ, ಮೇಲೆ ನಂದು ಬರೀರಿ ಮೇಡಮ್. ನನ್ನ ಸಮಕ್ಷಮದಲ್ಲಿ ಆಗಬೇಕು ತಾನೆ? ನಾನೇ ಹೊಡೆದ್ರೆ ಇನ್ನೂ ಸಮಕ್ಷಮ."

ಗುಮಾಸ್ತ ಪುಸ್ತಕ ತಿರುವಿದ. ಮೇಸ್ತ್ರಿ ಹೊಡೆಯಬಾರದು ಎಂದು ಎಲ್ಲೂ ಇರಲಿಲ್ಲ.

"ಮಾವ, ಕೊಡಿ ಇಲ್ಲಿ," ಎಂದ ಅಳಿಯ.

"ಯಾಕೆ? ನೀವು ಲೆಕ್ಕ ಹಾಕಿದೀರಲ್ಲ."

"ಹಾಕಿದೀನಿ."

"ಬಣ್ಣ ಎಲ್ಲ ಸರಿ ಇತ್ತಲ್ಲ?"

"ಇತ್ತು."

"ಮತ್ತೆ ಆ ಕಡೆ ಸರೀರಿ. ಗೋಡೆ ಹಿಂದೆ ಹೋಗಿ."

ಅಳಿಯ ಸರಿಯಲಿಲ್ಲ. ಅವನ ಕಣ್ಣು ಮಾವನ ಕೈಯ ಮೇಲೆ ನೆಟ್ಟಿತ್ತು. ಗಂಟು ಗಂಟಾದ ಬೆರಳುಗಳು, ಉಗುರಿನ ಸುತ್ತ ಐವತ್ತು ವರ್ಷದ ಎಣ್ಣೆ ಮಸಿ, ಆಚೆ ಕಡೆಯಿಂದ ಇಣುಕುವ ಹಸಿರು. ತನ್ನದೇ ಕೈಯಲ್ಲಿದ್ದಾಗ ಅವನು ಪಿಸ್ತೂಲನ್ನು ನೋಡಿದ್ದ, ಕೈಯನ್ನು ನೋಡಿರಲಿಲ್ಲ.

"ಹಿಂದುಗಡೆ ಒಂದು ಕಡೆ ಸ್ವಲ್ಪ ಕೆಂಪಿತ್ತು ಮಾವ," ಎಂದ, ದನಿ ತಗ್ಗಿಸಿ.

"ಕೆಂಪು ಅಂದ್ರೆ?"

"ತಡೆಯುತ್ತೋ ಇಲ್ವೋ ಅಂತ."

"ಎಷ್ಟು ಸ್ವಲ್ಪ?"

"ನನ್ನ ಕೈಗಾದ್ರೆ ಪರವಾಗಿಲ್ಲ ಅನ್ನೋಷ್ಟು."

ಮೇಸ್ತ್ರಿ ಬೆರಳನ್ನು ಪಿಸ್ತೂಲಿನ ಕುದುರೆಯಿಂದ ತೆಗೆಯಲಿಲ್ಲ. ಬಾಗಿಲಲ್ಲಿದ್ದ ಮಗಳು ಒಂದು ಹೆಜ್ಜೆ ಒಳಗಿಟ್ಟಳು.

"ಕಟ್ಟಿಬಿಡಿ ಮಾವ," ಎಂದ ಅಳಿಯ. "ದಾರ ಎಲ್ಲಿದೆ, ನಾನೇ ತರ್ತೀನಿ."

ಮೇಜಿಗೆ ಬಿಗಿಯುವಾಗ ಅಳಿಯ ಹಗ್ಗವನ್ನು ಎರಡು ಸಲ ತಪ್ಪಾಗಿ ಸುತ್ತಿದ. ಗಂಟು ಹಾಕಿದ್ದು ಮೇಸ್ತ್ರಿಯೇ. ಮಗಳನ್ನು ಬಾಗಿಲಿನಾಚೆ ಸರಿಸಿ, ಇಬ್ಬರೂ ಹಲಗೆಯ ಹಿಂದೆ ಬಂದು, ಸಮಿತಿಯನ್ನು ಸ್ವಲ್ಪ ಒತ್ತರಿಸಿ ಜಾಗ ಮಾಡಿಕೊಂಡರು. ಮೇಸ್ತ್ರಿ ದಾರ ಎಳೆದ.

ಶೆಡ್ಡಿನ ತಗಡು ಅದುರಿತು. ಹೊಗೆ ಕರಗಿದಾಗ ಮೇಜಿನ ಮೇಲೆ ಕಟ್ಟಿದ ಹಗ್ಗ ಕಟ್ಟಿದ ಹಾಗೇ ಇತ್ತು. ಅದರೊಳಗೆ ಪಿಸ್ತೂಲು ಇರಲಿಲ್ಲ. ನೆಲದ ತುಂಬ ಗಿಳಿಹಸಿರು ಚೂರು.

ಅಧ್ಯಕ್ಷೆ ಮೊದಲು ಚೇತರಿಸಿಕೊಂಡರು. "ಸಾಬೀತಾಯ್ತಲ್ಲ. ಬರ್ಕೊಳ್ಳಿ."

ಗುಮಾಸ್ತ ಕಿವಿಯಿಂದ ಹತ್ತಿ ತೆಗೆದು ವಿನಯದಿಂದ ಹೇಳಿದ, "ಬರೆಯೋಕೆ ಬರಲ್ಲ ಮೇಡಮ್. ನಮೂನೆ ಪ್ರಕಾರ ಕೈಯಲ್ಲಿ ಹಿಡಿದಿರಬೇಕಿತ್ತು. ಇಲ್ಲಿ ಹಿಡಿದಿಲ್ಲ. ಪರೀಕ್ಷೆ ನಡೆದಿಲ್ಲ ಅಂತಲೇ ಆಗುತ್ತೆ."

ಸಮಿತಿ ಒಂದು ನಿಮಿಷ ತಲೆ ತಲೆ ಸೇರಿಸಿತು. ಮುಂದಿನ ತಿಂಗಳು ಎರಡನೇ ಮಂಗಳವಾರ ಮರುಪರೀಕ್ಷೆ ಎಂದು ತೀರ್ಮಾನವಾಯಿತು. ನಿಯಮ ಮೀರಿ ದಾರ ಎಳೆದ ಬಗ್ಗೆ ಮೇಸ್ತ್ರಿಯಿಂದ ವಿವರಣೆ ಕೇಳುವುದೆಂದೂ ಆಯಿತು.

"ಮೇಷ್ಟ್ರೇ, ಇನ್ನೊಂದು ಮಾಡ್ಕೊಂಡು ಬನ್ನಿ. ನಿಮ್ಮ ಹೆಸರಲ್ಲೇ ಇರುತ್ತೆ."

"ಹೆಸರು ಹೊಡೆದುಹಾಕಿ ಮೇಡಮ್," ಎಂದ ಅಳಿಯ. "ಬೇಕಿದ್ರೆ ಮೇಲೆ ನಿಮ್ಮದು ಬರ್ಕೊಳ್ಳಿ."

ಅಧ್ಯಕ್ಷೆಗೆ ಅದು ಕೇಳಿಸಲಿಲ್ಲ; ಅಷ್ಟರಲ್ಲಿ ಕಿವಿಯ ಮುಚ್ಚಳ ಮತ್ತೆ ಹಾಕಿಕೊಂಡಿದ್ದರು. ಕುರ್ಚಿಗಳು ಹೋದವು. ಉಳಿದ ಬಿಸ್ಕತ್ತನ್ನು ಗುಮಾಸ್ತ ಮರೆಯದೆ ಕಟ್ಟಿಕೊಂಡ. ಜ್ಞಾನಕ್ಕೆ ಜಯವಾಗಲೆಂದು ಬಂದು ಬೀದಿಯಲ್ಲಿ ನಿಂತಿದ್ದ ಗೆಳೆಯರೂ, ಒಳಗೆ ಬಾರದೆ ಅಲ್ಲಿಂದಲೇ ಹೊರಟರು.

ಅಳಿಯ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಬಗ್ಗಿ ಚೂರು ಆರಿಸತೊಡಗಿದ. ಒಂದು ದೊಡ್ಡ ತುಂಡು ಎಲ್ಲೂ ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಅಡ್ಡಗೋಡೆಯ ಮುಂದೆ ಬಂದು ನಿಂತ. ಹಲಗೆಯ ಒಳಗೆ ಅದು ಮೊಳೆ ಹೊಡೆದ ಹಾಗೆ ನಾಟಿತ್ತು, ಅವನ ಕತ್ತಿನ ಎತ್ತರಕ್ಕೆ. ಬೆರಳಲ್ಲಿ ಕೀಳಲು ನೋಡಿದ. ಜಗ್ಗಲಿಲ್ಲ.

ಮೇಸ್ತ್ರಿ ಗೋಡೆಯ ಮೊಳೆಯಿಂದ ಇಕ್ಕಳ ತೆಗೆದು ಅವನ ಕಡೆ ಚಾಚಿದ. ಮಗಳು ಬಾಗಿಲಿಂದ ಒಳಗೆ ಬಂದು, ಗಂಡನ ಮಗ್ಗುಲಲ್ಲಿ ನಿಂತು, ಆ ಹಸಿರು ತುಂಡನ್ನೂ ಅವನ ಕತ್ತನ್ನೂ ಒಮ್ಮೆ ನೋಡಿದಳು.

ಅಳಿಯ ಇಕ್ಕಳ ಹಿಡಿದು ಎಳೆದ. ಬರಲಿಲ್ಲ. ಹಲಗೆಗೆ ಕಾಲು ಕೊಟ್ಟು ಇನ್ನೊಮ್ಮೆ ಎಳೆದ. ಅದನ್ನು ಕೀಳುವುದಕ್ಕೆ ಅವನಿಗೆ ಎರಡೂ ಕೈ ಬೇಕಾಯಿತು.