ಕರಿಷ್ಮಾ ಬಿಡುವ ಹೆಜ್ಜೆ

ಸಂತೆಯ ದಿನ ಉಮದಿಯ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ನಡೆದು ಬರುವಾಗ ಕರಿಷ್ಮಾ ಎಷ್ಟೋ ಹೆಜ್ಜೆಗಳನ್ನು ಎಲ್ಲರಂತೆಯೇ ಹಾಕಿ, ಇದ್ದಕ್ಕಿದ್ದಂತೆ ಒಂದನ್ನು ಬಿಟ್ಟುಬಿಡುತ್ತಾಳೆ. ಎಡಗಾಲು ನೆಲದಿಂದ ನಾಲ್ಕು ಬೆರಳು ಮೇಲೆ ನಿಂತು, ಏನನ್ನೋ ಕೇಳಿಸಿಕೊಳ್ಳುವಂತೆ ತಡೆದು, ಆಮೇಲೆ ಇಳಿಯುತ್ತದೆ. ಬಳೆಯಂಗಡಿಯ ಉಸ್ಮಾನ ಸಾಹೇಬರು ಒಮ್ಮೆ ಮರುಗಿ, “ಅಕ್ಕಾ, ವಿಜಾಪುರದಾಗ ಎಲುಬಿನ ಡಾಕ್ಟರ್ ಭಾಳ ಚಲೋ ಅದಾರ, ತೋರಿಸ್ರಿ,” ಎಂದರು.

“ಎಲುಬು ನೆಟ್ಟಗೈತ್ರಿ ಚಾಚಾ. ತಾಳ ಮುರದೈತಿ. ಅದಕ್ಕ ಡಾಕ್ಟರ್ ಇದ್ರ ಹೇಳ್ರಿ!” ಎಂದವಳೇ ಬದನೆಕಾಯಿ ಆರಿಸಲು ಹೋದಳು.

ಮರಾಠಿ ಲಾವಣಿ ಕುಣಿತದ ತಮಾಷಾ ಮೇಳದಲ್ಲಿ ಇಪ್ಪತ್ತು ವರ್ಷ ಕುಣಿದವಳಿಗೆ ಆ ಬಿಟ್ಟ ಹೆಜ್ಜೆಯೇ ಬ್ರಹ್ಮಾಸ್ತ್ರವಾಗಿತ್ತು. ಲಯ ಏರಿ, ಜನ ಶಿಳ್ಳೆಗೆಂದು ಬಾಯಿಗೆ ಬೆರಳಿಟ್ಟ ಹೊತ್ತಿನಲ್ಲಿ ಆಕೆಯ ಕಾಲು ತಟ್ಟನೆ ತಡೆಯುತ್ತಿತ್ತು. ಆ ಖಾಲಿ ಜಾಗದಲ್ಲಿ ಗಂಡ ಪಂಡಿತನ ಢೋಲಕಿ ‘ಧಪ್’ ಎಂದು ಬೀಳುತ್ತಿತ್ತು. ಯಾವಾಗ ತಡೆಯುತ್ತಾಳೆಂದು ಮೊದಲೇ ಹೇಳುವ ಪದ್ಧತಿ ಇರಲಿಲ್ಲ. ಹೀಗಾಗಿ ಪಂಡಿತ ರೆಪ್ಪೆ ಬಡಿಯದೆ ಹೆಂಡತಿಯ ಪಾದವನ್ನೇ ನೋಡುತ್ತ ಕೂಡುತ್ತಿದ್ದ. ಕೋಟೆ ಮುತ್ತಿದ ಸೇನಾಪತಿ ಕೂಡ ಬಾಗಿಲನ್ನು ಅಷ್ಟು ಶ್ರದ್ಧೆಯಿಂದ ನೋಡಿರಲಾರ. ಆಕೆಗೆ ಗೆಜ್ಜೆ ಕಟ್ಟುವವನೂ ಅವನೇ. ಇನ್ನೊಬ್ಬರು ಕಟ್ಟಿದರೆ ಆಕೆ ಮೇಲೇಳುತ್ತಿರಲಿಲ್ಲ. ಜಗಳವೂ ಇತ್ತು, ಆದರೆ ಅದಕ್ಕೊಂದು ಶಾಸ್ತ್ರವಿತ್ತು: ಸಿಟ್ಟು ಬಂದರೆ ಕರಿಷ್ಮಾ ಮರಾಠಿಯಲ್ಲಿ ಬೈಯುತ್ತಾಳೆ, ಮನಸ್ಸು ಮುರಿದರೆ ಮಾತ್ರ ಮೆಲ್ಲಗೆ ಕನ್ನಡದಲ್ಲಿ ಮಾತಾಡುತ್ತಾಳೆ. ಪಂಡಿತ ಮರಾಠಿಗೆ ಹೆದರಿದವನೇ ಅಲ್ಲ.

ಇಂಥ ಸಂಸಾರಕ್ಕೆ ಸವತಿ ಬಂದಳು. ಆಳೆತ್ತರ, ಕಡುಗಪ್ಪು ಬಣ್ಣ, ನಾಲ್ಕು ಊರಿಗೆ ಸಾಕಾಗುವ ಕಂಠ: ಡಿಜೆ ಪೆಟ್ಟಿಗೆ. ಢೋಲಕಿ ಗೂಟಕ್ಕೇರಿತು; ಪಂಡಿತ ಹಗಲೆಲ್ಲ ಪೆಟ್ಟಿಗೆಯ ಗುಂಡಿ ತಿರುವುತ್ತ, ಉಣ್ಣುವಾಗಲೂ ಅದರ ವಯರನ್ನೇ ನೋಡತೊಡಗಿದ. ಡಫಳಾಪುರದ ಒಂದು ಮದುವೆಯಲ್ಲಿ ಕರಿಷ್ಮಾ ಆ ಪೆಟ್ಟಿಗೆಯ ಮುಂದೆಯೇ ಕುಣಿದು, ಅಭ್ಯಾಸಬಲದಿಂದ ಒಂದು ಹೆಜ್ಜೆ ಬಿಟ್ಟಳು. “ಅದು ನಿಲ್ಲಲಿಲ್ರಿ. ನನ್ನ ದಾಟಿ ಹೋತು,” ಎಂದು ಹಳೆಯ ನೆರೆಯವನಾದ ನನಗೆ ಹೇಳಿದಳು. ಮರುದಿನ ಗಂಟು ಕಟ್ಟಿ ಕರಜಗಿಯ ಚಿಕ್ಕಮ್ಮ ಸಿದ್ದವ್ವನ ಮನೆ ಸೇರಿದಳು.

ಸಿದ್ದವ್ವನಿಗೆ ಇದು ಬಗೆಹರಿಯಲಿಲ್ಲ. “ಅಂವ ಕುಡಿಯಂಗಿಲ್ಲ, ಬಡಿಯಂಗಿಲ್ಲ. ನಿನಗೇನ ಧಾಡಿ ಆಗೈತಿ?”

“ನೋಡಂಗಿಲ್ಲ, ಚಿಗವ್ವಾ.”

“ನಿಮ್ಮ ಕಾಕಾ ನನ್ನ ನೋಡಿದ್ದು ಮದವ್ಯಾಗ ಒಂದ ಸಲ. ನಾ ಏನ ಸತ್ತೇನು?”

ಒಂದೂವರೆ ವರ್ಷದ ಮೇಲೆ ಮೊಬೈಲ್ ಅಂಗಡಿಯ ಅನಿಲ ಈ ಕಥೆಯನ್ನೇ ಹತ್ತು ನಿಮಿಷದ ಪ್ರೇಮನಾಟಕವಾಗಿ ಬರೆದು, ಫೋನಿನಲ್ಲಿ ಚಿತ್ರೀಕರಿಸಲು ಹೊರಟ. ಗಂಡಹೆಂಡಿರ ಪಾತ್ರಕ್ಕೆ ಅವರಿಬ್ಬರೇ. ಕೊನೆಗೆ ಗಂಡ ಗೆಜ್ಜೆ ಕಟ್ಟಿ, ಢೋಲಕಿ ಬಾರಿಸಿ, ಒಂದಾಗಬೇಕು. ಕರಿಷ್ಮಾ ಒಪ್ಪಿದಳೆಂದು ಕೇಳಿ ನನ್ನ ಕುತೂಹಲ ತಡೆಯಲಾಗದೆ, ಮುಖಕ್ಕೆ ಬೆಳಕು ಹಾಯಿಸುವ ಥರ್ಮಾಕೋಲ್ ಹಿಡಿಯುವ ಉನ್ನತ ಹುದ್ದೆಯನ್ನು ಕೇಳಿ ಪಡೆದೆ. ಆಕೆ ನನ್ನ ಕಿವಿಯಲ್ಲಿ ಅಂದಳು: “ನಡುವ ಒಂದ ಹೆಜ್ಜಿ ಬಿಡ್ತೀನ್ರಿ. ಅಂವ ಹಿಡದ್ರ ಇವತ್ತ ಸಂಜಿಗೇ ಮನಿಗೆ ಬರ್ತೀನಿ.”

ಮಧ್ಯಾಹ್ನದ ಬಿಸಿಲು. ಯಾರದೋ ಮದುವೆಯ ಕೋಟು ತೊಟ್ಟ ಪಂಡಿತ ಮಣ್ಣಿನಲ್ಲಿ ಮಂಡಿಯೂರಿ ಗೆಜ್ಜೆ ಕಟ್ಟಿದ. ಅದೇ ಹಳೆಯ ಗಂಟು. ಅದನ್ನು ನೋಡಲು ನಾನು ಬಗ್ಗಿದಾಗ ಥರ್ಮಾಕೋಲ್ ಓಲಾಡಿತು. “ಕಾಕಾ, ಬೆಳಕ ಕುಣ್ಯಾಕತ್ತೈತಿ! ಕುಣಿಯೂದು ಅವರ ಕೆಲಸ!” ಎಂದು ಅನಿಲ ಗದರಿದ. ಆಮೇಲೆ ಪಂಡಿತನಿಗೆ, “ಮಾಮಾ, ಕ್ಯಾಮೆರಾ ನೋಡ್ರಿ, ನಗ್ರಿ,” ಎಂದ.

ಢೋಲಕಿ ಎದ್ದಿತು. ಕರಿಷ್ಮಾ ನಲವತ್ತು ದಾಟಿದ್ದನ್ನು ಮರೆತು ಕುಣಿದಳು. ಲಯ ಏರಿತು, ಎಡಗಾಲು ತಡೆಯಿತು. ಪಂಡಿತ ಫೋನಿಗೆ ನಗುತ್ತ, ಒಂದು ಪೆಟ್ಟೂ ತಪ್ಪದಂತೆ ಬಾರಿಸುತ್ತ, ಆ ಜಾಗವನ್ನು ದಾಟಿ ಹೋದ.

ಕಾಲು ಗಾಳಿಯಲ್ಲೇ ಉಳಿದದ್ದು ಅವನಿಗೆ ಕಂಡಾಗ ಕೈ ಕಲ್ಲಾಯಿತು. ಆಕೆ ಕೂತು, ತನ್ನ ಕೈಯಾರೆ ಗೆಜ್ಜೆ ಬಿಚ್ಚಿದಳು.

“ಬೈಯಿ, ಕರಿಷ್ಮಾ,” ಅಂದ ಪಂಡಿತ. “ಮರಾಠ್ಯಾಗ ಬೈಯಿ.”

“ಚಲೋ ಬಾರಿಸಿದಿ,” ಎಂದು ಆಕೆ ಮೆಲ್ಲಗೆ, ಕನ್ನಡದಲ್ಲಿ, ಅಂದಳು. ಕರಜಗಿಯ ಬಸ್ಸು ಹತ್ತಿದಳು. ಅನಿಲ ಅದನ್ನೇ ಕೊನೆಯಾಗಿಸಿದ; ನೋಡಿದವರೆಲ್ಲ ‘ಏನು ನಟನೆ!’ ಎಂದು ಅತ್ತರು.

ಪಂಡಿತ ಈಗ ಪ್ರತಿ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ರಸ್ತೆಯನ್ನೇ ನೋಡುತ್ತಾನೆ. ಕಳೆದ ಸಂತೆಗೆ ನಾನೂ ಅಲ್ಲಿದ್ದೆ. ಕರಿಷ್ಮಾ ಬಂದಳು, ಕಾಲು ತಡೆಯಿತು, ಪಂಡಿತ ಮೇಜಿಗೆ ‘ಧಪ್’ ಎಂದು ಬಡಿದ. ನನ್ನ ಚಹಾ ನನ್ನ ತೊಡೆಗೆ ಬಂತು. ಆದರೆ ಆಗಲೇ ಕಾಲು ಇಳಿದಿತ್ತು. ಆಕೆ ತಿರುಗಿ ನೋಡದೆ, ಇಡೀ ಸಂತೆಗೆ ಕೇಳುವಂತೆ, “ಉಶೀರ ಝಾಲಾ!” ಎಂದು ಗದರಿ ಹೋದಳು. ತಡವಾಯಿತು ಎಂದು, ಆದರೆ ಮರಾಠಿಯಲ್ಲಿ. ಪಂಡಿತನ ಮುಖ ನೋಡಬೇಕಿತ್ತು.

ಕುಣಿಯುವವರ ಕುಲವೇ ಹೀಗಿರಬಹುದು. ಹಾಕಿದ ಹೆಜ್ಜೆಗೆ ಶಿಳ್ಳೆ ಹೊಡೆಯಲು ಊರೇ ಸಾಕು. ಬಿಟ್ಟ ಹೆಜ್ಜೆಯನ್ನು ಕಾಣುವ ಒಬ್ಬನಿಗಾಗಿ ಅವರು ನಡು ಸಂತೆಯಲ್ಲೂ ಒಂಟಿ ಕಾಲಿನಲ್ಲಿ ಕಾಯುತ್ತಾರೆ.