ಅಬ್ಲಾ ದವ್ಲತ್ ಅವರ ಶುಕ್ರವಾರದ ಬಟ್ಟೆ

ನಲವತ್ತು ವರ್ಷ ಜನರ ಬಟ್ಟೆಗೆ ಇಸ್ತ್ರಿ ತಿಕ್ಕಿದವನು ನಾನು, ಬೈಯೂಮಿ. ಕೈರೋದ ನರ್ಗಿಸ್ ಬೀದಿಯ ಹದಿನಾಲ್ಕನೇ ನಂಬರಿನ ಕಟ್ಟಡದಲ್ಲಿ, ಮೆಟ್ಟಿಲ ಸಂದಿಯಲ್ಲಿ ನನ್ನ ಅಂಗಡಿ. ಯಾರ ಮನೆಯಲ್ಲಿ ಮದುವೆ, ಯಾರಿಗೆ ಕೆಲಸ ಹೋಯಿತು, ಯಾರು ಊಟ ಬಿಟ್ಟು ಸೊರಗಿದರು, ಎಲ್ಲ ನನಗೆ ಬಟ್ಟೆಯಿಂದಲೇ ತಿಳಿಯುತ್ತಿತ್ತು. ಹೆಮ್ಮೆ ಅನ್ನಿ, ಕೊಬ್ಬು ಅನ್ನಿ, ನನ್ನ ಕೈಯಿಂದ ಸುಕ್ಕಿರುವ ಬಟ್ಟೆ ಹೊರಗೆ ಹೋದದ್ದೇ ಇಲ್ಲ. ಆ ಕೊಬ್ಬಿನ ಕಥೆಯೇ ಇದು.

ನಮ್ಮ ಕಟ್ಟಡ ಮೊದಲು ಸರ್ಕಾರಿ ವಿಮೆಯವರದು. ಅವರು ಸುಣ್ಣ ಬಳಿಯುತ್ತಿರಲಿಲ್ಲ, ಯಾರನ್ನೂ ಎಬ್ಬಿಸುತ್ತಲೂ ಇರಲಿಲ್ಲ. ಮೂರು ವರ್ಷದ ಹಿಂದೆ ಅದನ್ನು ಒಂದು ಕಂಪನಿಗೆ ಮಾರಿದರು. ಕಂಪನಿಗೆ ಬೇಕಾದದ್ದು ಪ್ರವಾಸಿಗಳ ಹೋಟೆಲ್ಲು. ಬಾಡಿಗೆದಾರರನ್ನು ಕತ್ತು ಹಿಡಿದು ದೂಡಲು ಕಾನೂನು ಬಿಡದು. ಅದಕ್ಕೆ ಅವರು ಲಿಫ್ಟು ಕೆಟ್ಟಾಗ ರಿಪೇರಿ ಮಾಡಿಸಲಿಲ್ಲ, ಅಷ್ಟೇ. ಮುದುಕರು ಒಬ್ಬೊಬ್ಬರಾಗಿ ಇಳಿದು ಹೋದರು. ಇಪ್ಪತ್ತನಾಲ್ಕು ಮನೆಯಲ್ಲಿ ಐದು ಉಳಿದವು.

ನಾಲ್ಕನೇ ಮಹಡಿಯ ದವ್ಲತ್ ಭೂಗೋಳದ ಟೀಚರು. ಬೀದಿಯಲ್ಲಿ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಅಬ್ಲಾ, ದೊಡ್ಡಕ್ಕ. ಹೋದ ವರ್ಷದ ವಸಂತದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮನ್ಸೂರಾದಿಂದ ತಂಗಿ ಬಂದು ಕರೆದುಕೊಂಡು ಹೋದಳು. ಹೊರಡುವಾಗ ಅಬ್ಲಾ ಕೀಲಿಕೈ ನನ್ನ ಕೈಗಿಟ್ಟು, "ಒಂದು ತಿಂಗಳು, ಉಸ್ತಾ," ಎಂದರು; ಕಸುಬುದಾರರನ್ನು ಇಲ್ಲಿ ಕರೆಯುವುದೇ ಹಾಗೆ. ಸೊಂಟ ಕೂಡಿತು, ಆದರೆ ನಾಲ್ಕು ಮಹಡಿ ಹತ್ತುವಷ್ಟು ಕೂಡಲಿಲ್ಲ. ಒಂದು ತಿಂಗಳು ಹತ್ತು ತಿಂಗಳಾಯಿತು.

ಅಷ್ಟರಲ್ಲಿ ಹೊಸ ಕಾನೂನು ಬಂತು. ಹಳೇ ಬಾಡಿಗೆಯ ಮನೆ ಒಂದು ವರ್ಷ ಬೀಗ ಹಾಕಿಕೊಂಡಿದ್ದರೆ ಮಾಲೀಕನ ಪಾಲು. ಆ ಕಾನೂನು ಏರಿಸಿದ ಮೇಲೂ ಹಳೇ ಬಾಡಿಗೆ ಅಬ್ಲಾರ ಪಿಂಚಣಿಗೆ ಎಟಕುತ್ತಿತ್ತು. ಹೊರಗೆ ಹುಡುಕಿದರೆ ಪೂರ್ತಿ ಪಿಂಚಣಿ ಸುರಿದರೂ ಊರಾಚೆ ಮರಳುಗಾಡಿನ ಅಂಚಿನಲ್ಲಿ ಒಂದು ಕೋಣೆ, ಅದೂ ಅದೃಷ್ಟವಿದ್ದರೆ. ತಂಗಿಯ ಮನೆಯಲ್ಲಿ ಅವರು ಮಲಗುವುದು ಮೊಮ್ಮಕ್ಕಳ ಕೋಣೆಯ ಸೋಫಾದ ಮೇಲೆ. ಈ ಮನೆ ಹೋದರೆ ಅವರಿಗೆ ಭೂಮಿಯ ಮೇಲೆ ಮನೆಯಿಲ್ಲ.

ಉಪಾಯ ಹೇಳಿದವಳು ನನ್ನ ಹೆಂಡತಿ ಇನ್ಶಿರಾಹ್.

"ಬಾಲ್ಕನೀಲಿ ಬಟ್ಟೆ ಒಣಗ್ತಿದ್ರೆ ಮನೇಲಿ ಹೆಂಗಸಿದ್ದಾಳೆ ಅಂತ ತಾನೆ? ವಾರಕ್ಕೊಂದ್ಸಲ ಹೋಗಿ ನಾಲ್ಕು ಬಟ್ಟೆ ನೇತು ಹಾಕಿ ಬನ್ನಿ."

"ನೀನೇ ಹೋಗು."

"ನನ್ ಮಂಡಿ ನೀವು ಸರಿ ಮಾಡ್ಸಿದೀರಾ, ನಾಲ್ಕು ಮಹಡಿ ಹತ್ತಕ್ಕೆ? ಕೇಳಿಸ್ಕೊಳ್ಳಿ. ಹೊರಗಿನ ಹಗ್ಗಕ್ಕೆ ಹೊದಿಕೆ, ಟವೆಲ್ಲು, ಗೌನು. ಒಳಗಿನ ಹಗ್ಗಕ್ಕೆ ಒಳಬಟ್ಟೆ. ಹಿಂದುಮುಂದು ಮಾಡಿ ಟೀಚರ ಮಾನ ಹರಾಜು ಹಾಕ್ಬೇಡಿ."

ಹೀಗೆ ನನ್ನ ಶುಕ್ರವಾರಗಳು ಶುರುವಾದವು. ನಮಾಜು ಮುಗಿಸಿ, ಮೆಟ್ಟಿಲು ಹತ್ತಿ, ಬೀಗ ತೆಗೆದು ಒಳಗೆ ಹೋದರೆ ಹೊರಗಿನ ಗದ್ದಲ ಹೊಸಿಲಲ್ಲೇ ನಿಲ್ಲುತ್ತಿತ್ತು. ಗೋಡೆಯ ತುಂಬ ನಕಾಶೆ. ನೀಲಿ ಸಮುದ್ರದ ಮೇಲೆ ಬಿಸಿಲಿನ ಪಟ್ಟೆ ಮೆಲ್ಲಗೆ ತೆವಳುತ್ತಿತ್ತು. ಬೀರು ತೆಗೆದು ಗೌನು ಆರಿಸಿ, ನೀರಲ್ಲದ್ದಿ ಹಿಂಡಿ ನೇತು ಹಾಕಿದರೆ ಮುಗಿಯಿತು, ಐದು ನಿಮಿಷದ ಕೆಲಸ. ನಾನು ಒಂದು ಗಂಟೆ ಇರುತ್ತಿದ್ದೆ, ಆಮೇಲೆ ಎರಡು. ಟೀ ಕಾಯಿಸುವಾಗ ಕೈ ತಾನಾಗಿ ಎರಡು ಲೋಟ ಇಡುತ್ತಿತ್ತು. ಒಂದು ದಿನ ಕುರ್ಚಿಯಲ್ಲೇ ತೂಕಡಿಸಿದೆ. ಪಕ್ಕದ ಕೋಣೆಯಲ್ಲಿ ಚಪ್ಪಲಿಯ ಸದ್ದು, "ಬೈಯೂಮಿ, ನೈಲ್ ಎಲ್ಲಿ ಹುಟ್ಟತ್ತೆ ಹೇಳು," ಎಂಬ ದನಿ. ಎದ್ದು "ಬಂದೆ ಅಬ್ಲಾ," ಎಂದೆ. ಕೋಣೆ ಖಾಲಿಯಿತ್ತು, ಆದರೂ ನನಗೆ ಖಾಲಿ ಅನ್ನಿಸಲಿಲ್ಲ.

ಆ ಸಂಜೆಗಳಲ್ಲೇ ಅವರು ಫೋನ್ ಮಾಡುತ್ತಿದ್ದರು.

"ಉಸ್ತಾ, ನನ್ ಮನೆ ಇದ್ಯಾ?"

"ಎಲ್ಲಿಗೆ ಹೋಗತ್ತೆ ಅಬ್ಲಾ? ಇದ್ದಲ್ಲೇ ಇದೆ."

"ಬಾಲ್ಕನಿಗೆ ಹೋಗು. ಏನ್ ಕಾಣತ್ತೆ ಹೇಳು."

ನಾನು ಬಾಲ್ಕನಿಯಲ್ಲಿ ನಿಂತು ಹೇಳುತ್ತಿದ್ದೆ. ಎದುರಿನ ಸರ್ಕಾರಿ ತೋಟ, ಗೇಟಿನಲ್ಲಿ ಜೋಳ ಸುಡುವವನು, ಬೇಲಿಯಾಚೆ ಏಳು ಗುಲ್‌ಮೊಹರ್ ಮರ, ಎಡಗಡೆಯ ಮೂರರಲ್ಲಿ ಹೂ, ಉಳಿದವು ಮೊಗ್ಗು, ಮರದ ಕೆಳಗೆ ಚಾಪೆ ಹಾಸಿ ಕುರುಕಲು ತಿನ್ನುವ ಸಂಸಾರಗಳು. "ಮೂಲೇಲಿ ಸರ್ಕಾರಿ ಬಟ್ಟೆ ಅಂಗಡಿ?" "ಇದೆ ಅಬ್ಲಾ, ಅದೇ ಸೋಮಾರಿಗಳು, ಅದೇ ಧೂಳು." ಅವರು ನಗುತ್ತಿದ್ದರು. ಆ ನಗೆ ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ತೋಟವನ್ನು ಚಳಿಗಾಲದಲ್ಲೇ ಗುತ್ತಿಗೆಗೆ ಕೊಟ್ಟಿದ್ದರು. ಏಳು ಮರವನ್ನೂ ಎರಡು ದಿನದಲ್ಲಿ ಕಡಿದು, ಬೇಲಿ ಇದ್ದಲ್ಲಿ ಗಾಜಿನ ಕಾಫಿ ಅಂಗಡಿಗಳ ಸಾಲು ಎಬ್ಬಿಸಿದರು. ಬಟ್ಟೆ ಅಂಗಡಿ ಮಾರಾಟವಾಗಿ ಅಲ್ಲಿ ಈಗ ಬ್ಯಾಂಕು. ಸೋಫಾದ ಮೇಲೆ ಮಲಗಿ ಮನೆಯನ್ನೇ ಜಪಿಸುವ ಹೆಂಗಸಿಗೆ ಇದನ್ನೆಲ್ಲ ಹೇಗೆ ಹೇಳಲಿ? ನೀವಾದರೆ ಹೇಳುತ್ತಿದ್ದಿರಾ? ಇನ್ನೊಂದು ಮಾತು. ಹೇಳುವಾಗ ನನಗೆ ಸುಳ್ಳು ಅನ್ನಿಸುತ್ತಿರಲಿಲ್ಲ. ಒದ್ದೆ ಹೊದಿಕೆ ಮುಖಕ್ಕೆ ಬಡಿಯುತ್ತಿತ್ತು, ಅದರ ಆಚೆ ಮರಗಳು ಹಾಗೇ ನಿಂತಿದ್ದವು, ಎಲೆಯ ಸದ್ದು ಕಿವಿಗೆ ಬೀಳುತ್ತಿತ್ತು.

ಜೂನ್ ತಿಂಗಳ ಒಂದು ದಿನ ಕಂಪನಿಯ ಗುಮಾಸ್ತ ಅಂಗಡಿಗೆ ಬಂದ. ಹೆಸರು ಸಫ್ವತ್, ಮಾತು ಮೃದು. ನನ್ನೆದುರು ಫೋನು ಹಿಡಿದು ಒಂದೊಂದೇ ಫೋಟೋ ಸರಿಸಿದ. ಅಬ್ಲಾರ ಬಾಲ್ಕನಿ, ಎಂಟು ಶುಕ್ರವಾರ.

"ಉಸ್ತಾ ಬೈಯೂಮಿ, ಈ ನೀಲಿ ಗೌನು ನೋಡಿ. ಒದ್ದೆ ಇದೆ, ತೊಟ್ಟಿಕ್ತಾ ಇದೆ. ಆದ್ರೆ ತೋಳಿನ ಮೇಲೆ ಇಸ್ತ್ರಿ ಗೆರೆ! ಇದು ಹೇಗೆ?"

ಏನು ಮಾಡಲಿ, ನೀರಲ್ಲದ್ದಿ ಹಿಂಡಿದ ಗೌನು ಮುದುಡಿಕೊಂಡಿತ್ತು. ನರ್ಗಿಸ್ ಬೀದಿಯ ಎದುರಿಗೆ ಅಬ್ಲಾ ದವ್ಲತ್ ಹೆಸರಿನಲ್ಲಿ ಮುದುಡಿದ ಬಟ್ಟೆ ತೂಗುಹಾಕಲು ನನ್ನ ಕೈ ಬರಲಿಲ್ಲ. ಎಲ್ಲವನ್ನೂ ಕೆಳಗೆ ತಂದು, ಗೆರೆ ಕೂರಿಸಿ, ಮೇಲೆ ನೀರು ಚಿಮುಕಿಸಿ ನೇತು ಹಾಕುತ್ತಿದ್ದೆ.

"ನಮ್ಮಮ್ಮ ಊರವರ ಬಟ್ಟೆ ಒಗೆದು ನನ್ನ ಓದ್ಸಿದ್ದು," ಎಂದ ಸಫ್ವತ್. "ಅದಕ್ಕೇ ಕಣ್ಣಿಗೆ ಬಿತ್ತು. ನನಗೂ ಯಾರ ಮನೆ ಮುರಿಯೋ ಆಸೆ ಇಲ್ಲ. ಮಂಗಳವಾರ ಬರ್ತೀನಿ. ಅವರು ಮನೇಲಿದ್ರೆ, ಎರಡು ಮಾತಾಡಿದ್ರೆ, ವಾಸ ಇದಾರೆ ಅಂತ ಬರ್ಕೊಂಡು ಹೋಗ್ತೀನಿ."

ಇನ್ಶಿರಾಹ್ ತಲೆ ಚಚ್ಚಿಕೊಂಡಳು. "ಒಣಗಕ್ಕೆ ಹಾಕೋ ಬಟ್ಟೆಗೆ ಇಸ್ತ್ರಿ ಮಾಡೋನು ಭೂಮಿ ಮೇಲೆ ಒಬ್ಬನೇ, ಅವನೂ ನನಗೇ ಗಂಟು ಬಿದ್ದ!"

ಸೋಮವಾರ ಮನ್ಸೂರಾಕ್ಕೆ ಹೋಗಿ, ಮಂಗಳವಾರ ಬೆಳಿಗ್ಗೆ ಅಬ್ಲಾರನ್ನು ಕಾರಿನಲ್ಲಿ ಕರೆತಂದೆ. ಹಿಂದಿನ ಓಣಿಯಿಂದ, ಬೇಕೆಂದೇ. ದಾರಿಯುದ್ದಕ್ಕೂ ಅವರು ಕಣ್ಣು ಮುಚ್ಚಿಕೊಂಡಿದ್ದರು, ಸೊಂಟದ ನೋವಿಗೆ. ಟೀ ಅಂಗಡಿಯ ಇಬ್ಬರನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಹಡಿ ಹೊತ್ತೆವು. ಒಂದು ಹಿಡಿ ತೂಕವಾಗಿದ್ದರು. ಆದರೂ ಪ್ರತಿ ತಿರುವಿನಲ್ಲಿ, "ನೆಟ್ಟಗೆ ಹಿಡೀರೋ ಕತ್ತೆಗಳಾ, ನಾನೇನು ಆಲೂಗಡ್ಡೆ ಮೂಟೇನಾ?" ಎಂದು ಬೈದರು. ಬೈಗುಳ ಕೇಳಿ ಖುಷಿಯಾಯಿತು. ಒಳಗೆ ಕಾಲಿಟ್ಟದ್ದೇ ನಕಾಶೆಯ ಮೇಲೆ ಕೈಯಾಡಿಸಿದರು. ಬಾಲ್ಕನಿಯ ಮರದ ಬಾಗಿಲುಗಳನ್ನು ನಾನು ಭದ್ರವಾಗಿ ಹಾಕಿಟ್ಟಿದ್ದೆ.

"ಬಾಗಿಲು ತೆಗಿಯೋ."

"ಸೆಕೆ ಅಬ್ಲಾ. ಬಿಸಿಲು ಇಳೀಲಿ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಮಾಡಿದ್ದೂ ಅದೇ.

ಮಧ್ಯಾಹ್ನ ಸಫ್ವತ್ ಬಂದ. ಅಡುಗೆಮನೆ ನೋಡಿದ, ಹಾಸಿಗೆ ನೋಡಿದ, ಟೀ ಕುಡಿದ. ಅಬ್ಲಾ ಅವನ ಊರು ಕೇಳಿ, ಆ ಊರಿನ ಕಾಲುವೆಯ ಹೆಸರು ಕೇಳಿ, ಅವನು ತಪ್ಪು ಹೇಳಿದ್ದಕ್ಕೆ ಗದರಿದರು. ಅವನೂ ನಕ್ಕ. ಗೆದ್ದೆವು ಎಂದುಕೊಂಡೆ.

"ಕೊನೇದು ಒಂದೇ ಪ್ರಶ್ನೆ ಅಮ್ಮಾ, ಸುಮ್ನೆ ರೂಢಿಗೆ," ಎಂದ ಅವನು ಪೆನ್ನು ತೆಗೆಯುತ್ತ. "ಬೆಳಿಗ್ಗೆ ಎದ್ದು ಬಾಲ್ಕನಿಗೆ ಹೋದ್ರೆ ಎದುರಿಗೆ ಏನ್ ಕಾಣತ್ತೆ?"

ಅಬ್ಲಾ ನೆಟ್ಟಗೆ ಕುಳಿತರು, ಪಾಠ ಹೇಳುವವರ ಹಾಗೆ. "ತೋಟ. ಗೇಟಿನ ಹತ್ರ ಜೋಳದವನು. ಏಳು ಗುಲ್‌ಮೊಹರ್, ಎಡಗಡೆ ಮೂರು ಈಗ ಹೂ ತುಂಬಿವೆ, ಉಳಿದವು ಇನ್ನೂ ಮೊಗ್ಗು. ಮೂಲೇಲಿ ಸರ್ಕಾರಿ ಬಟ್ಟೆ ಅಂಗಡಿ. ಅಲ್ಲಿ ಈಗಲೂ ಸೋಮಾರಿಗಳೇ ಇರೋದು."

ಒಂದಕ್ಷರ ಬಿಡದೆ, ನಾನು ಹೇಳಿದ್ದನ್ನೇ ಹೇಳಿದರು. ಸಫ್ವತ್ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಪೆನ್ನು ಗಾಳಿಯಲ್ಲೇ ನಿಂತಿತ್ತು. "ಸಾರ್, ಬಿಟ್ಬಿಡಿ, ವಯಸ್ಸಾಗಿದೆ," ಎಂದು ನಾನು ತೊದಲಿದೆ.

ಆ ಮಾತೇ ಕೆಡಿಸಿತು. "ಯಾರಿಗೆ ವಯಸ್ಸಾಗಿರೋದು?" ಎಂದು ಅಬ್ಲಾ ಊರುಗೋಲು ಹಿಡಿದು ಎದ್ದೇಬಿಟ್ಟರು. ನಾನು ಅಡ್ಡ ಹೋಗುವಷ್ಟರಲ್ಲಿ ಬಾಗಿಲಿನ ಅಗುಳಿ ತೆಗೆದಿದ್ದರು.

ಬೆಳಕು ಒಳಗೆ ನುಗ್ಗಿತು. ಗಾಜಿನ ಅಂಗಡಿಗಳಿಂದ ಸಂಗೀತ. ಅಬ್ಲಾ ಎಡಗಡೆ ನೋಡಿದರು, ಮೂರು ಮರ ಇರಬೇಕಾದಲ್ಲಿ. ಆಮೇಲೆ ಮೂಲೆಗೆ. ಒಂದು ಕೈಯಿಂದ ಬಾಲ್ಕನಿಯ ಕಂಬಿ ಹಿಡಿದುಕೊಂಡರು.

"ಬರ್ಕೊಳ್ಳಪ್ಪ," ಎಂದರು ಕೊನೆಗೆ, ತಿರುಗದೆ. "ಉತ್ತರ ತಪ್ಪು. ನಾನಿಲ್ಲಿ ವಾಸ ಇಲ್ಲ. ಸುಳ್ಳು ಉತ್ತರಕ್ಕೆ ನಾನು ಯಾವತ್ತೂ ನಂಬರ್ ಕೊಟ್ಟೋಳಲ್ಲ."

ಸಫ್ವತ್ ಬರೆದುಕೊಂಡ. ಬರೆದು ಮುಗಿಸಿ ತನ್ನ ಟೀ ಲೋಟವನ್ನು ತಾನೇ ಅಡುಗೆಮನೆಗೆ ಒಯ್ದಿಟ್ಟ, ಅದನ್ನೂ ಹೇಳಿಬಿಡಬೇಕು. ಸಲಾಂ ಹೇಳಿ ಮೆಟ್ಟಿಲಿಳಿದ.

ನಾನು ಅಬ್ಲಾರ ಕಾಲ ಬಳಿ ಕುಸಿದು ಕುಳಿತೆ. ಬೈಯಲಿ, ಊರುಗೋಲಿನಿಂದ ನಾಲ್ಕು ಬಾರಿಸಲಿ ಎಂದು ಕಾದೆ.

"ಬೈಯೂಮಿ. ಫೋನಲ್ಲಿ ಹೇಳ್ವಾಗ, ನಿನಗೆ ಕಾಣ್ತಿತ್ತಾ?"

"ದೇವರಾಣೆ ಅಬ್ಲಾ. ಕಾಣ್ತಿತ್ತು."

"ಹೂಂ." ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. "ಹಾಗಾದ್ರೆ ಬಾಗಿಲು ಹಾಕು. ಇನ್ನೊಂದ್ಸಲ ಹೇಳು, ಮೊದಲಿಂದ."

ಬಾಗಿಲು ಹಾಕಿದೆ. ಕೋಣೆ ಮತ್ತೆ ತಣ್ಣಗೆ ಕತ್ತಲಾಯಿತು. ಅವರೆದುರು ನಿಂತು, ಗಂಟಲು ಸರಿಮಾಡಿಕೊಂಡು, ತೋಟ ಎನ್ನಲು ಬಾಯಿ ತೆರೆದೆ. ಮರಗಳು ಬರಲಿಲ್ಲ. ಅಬ್ಲಾ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು.