ಮಾಯವಾಗುವ ಹಾಳೆ

ಕಪಾಟಿನ ಬಾಗಿಲು ಕಿರ್ರೆಂದದ್ದು ಕೇಳಿ ಮಗಳು ಅಪ್ಪನ ಕೋಣೆಗೆ ಧಾವಿಸಿದಳು. ಅಪ್ಪನ ದೇಹ ಇನ್ನೂ ಹಜಾರದಲ್ಲೇ ಇತ್ತು. ಇಲ್ಲಿ ಅವರ ಕಾರ್ಖಾನೆಯ ಮ್ಯಾನೇಜರು ಮಣ್ಣು ತುಂಬಿದ ಗಾಜಿನ ಬಾಟಲಿಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಿದ್ದರು.

"ಏನ್ ಸಾರ್ ಇದು?"

"ಕಾರ್ಖಾನೆ ಸಾಮಾನು ಕಣಮ್ಮ. ನಿಮಗ್ಯಾಕೆ ಈ ಮಣ್ಣು ಮಸಿ?"

"ಅಪ್ಪನ್ನ ಕಳಿಸಿಕೊಡೋವರೆಗೂ ತಡೆಯಕ್ಕಾಗ್ಲಿಲ್ವಾ?"

ಅವರು ನಕ್ಕ ಹಾಗೆ ಮಾಡಿದರು. ಮಗಳು ಬಾಟಲಿಗಳನ್ನೆಲ್ಲ ಮತ್ತೆ ಒಳಗಿಟ್ಟು ಬೀಗ ಜಡಿದಳು.

ಹಜಾರದಲ್ಲಿ ಕಾರ್ಖಾನೆಯವರು ಅಪ್ಪನ ಕತೆಗಳನ್ನೇ ಹೇಳಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಅಪ್ಪ 'ಮಾಯಗಾರ'. ಬೆಳೆಯ ಬುಡಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆಗೆ ಒಂದು ಲವಣ ಬೆರೆಸಿ, ಬಿಸಿಲು ಬಿದ್ದರೆ ಅದು ತಾನಾಗಿ ಮಾಯವಾಗುವಂತೆ ಮಾಡಿದ್ದರು.

"ಹೆಂಡ್ತಿ ಬೈಗುಳಾನೂ ಮಾಯ ಮಾಡೋ ಪುಡಿ ಕೊಡಿ ಅಂದಿದ್ದೆ," ಎಂದ ಯಂತ್ರ ನಡೆಸುವವನು. "'ಅದನ್ನ ನಾನೂ ಹುಡುಕ್ತಿದೀನಿ ಮಾರಾಯ' ಅಂದ್ರು."

ಅಳುತ್ತಿದ್ದ ಅಮ್ಮನ ತುಟಿಯೂ ಒಂದಿಷ್ಟು ಅರಳಿತು.

ತರಕಾರಿ ಬೆಳೆಯುವ ಹೆಂಗಸೊಬ್ಬಳು ಮಗಳ ಕೈ ಹಿಡಿದುಕೊಂಡಳು. "ಪುಣ್ಯಾತ್ಮ ಕಣಮ್ಮ ನಿಮ್ಮಪ್ಪ. ಮೊದಲೆಲ್ಲ ಹಳೇ ಹಾಳೆ ಕಿತ್ತು ಕಿತ್ತು ಸೊಂಟ ಬಿದ್ದುಹೋಗ್ತಿತ್ತು. ಈಗ ನನ್ ಹೊಲದಲ್ಲಿ ಹುಡುಕಿದ್ರೂ ಒಂದು ಚೂರು ಪ್ಲಾಸ್ಟಿಕ್ ಕಾಣಲ್ಲ. ಮೊಮ್ಮಗಳಿಗೆ ಈಗ ಹಲ್ಲು ಬರ್ತಿದೆ. ಅದಕ್ಕೂ ನಮ್ ಹೊಲದ ಸೊಪ್ಪೇ, ಬೇಯ್ಸಿ ಹಿಸುಕಿ ತಿನ್ನಿಸ್ತೀವಿ."

ಮಗಳು ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದಳು.

*

ನಿವೃತ್ತಿಯಾದ ಮೇಲೆ ಅಪ್ಪ ಒಂದು ದಿನ ಇದೇ ಹೆಂಗಸಿನ ಹೊಲದ ಮಣ್ಣು ತಂದಿದ್ದರು. ನೀರಲ್ಲಿ ಕದಡಿ, ಮೇಲೆ ತೇಲಿದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, "ಬಾ ನೋಡಿಲ್ಲಿ" ಎಂದರು. ಒಡೆದ ಗಾಜಿನಂಥ ಚೂರುಗಳು ತುಂಬಿಹೋಗಿದ್ದವು.

"ಏನಪ್ಪಾ ಇದು?"

"ನನ್ನ ಹಾಳೆ. ಕರಗಿಲ್ಲ ಕಣೇ. ಉದ್ದನೇ ಸರಪಳಿ ಥರ ಇರುತ್ತೆ ಪ್ಲಾಸ್ಟಿಕ್ಕು. ಬಿಸಿಲಿಗೆ ಅದು ತುಂಡಾಯ್ತು, ಅಷ್ಟೆ. ಮಣ್ಣಿನ ಜೀವಿಗಳು ತಿಂದು ಮುಗಿಸೋಷ್ಟು ಚಿಕ್ಕದಾಗ್ಲೇ ಇಲ್ಲ."

"ಕಾರ್ಖಾನೇಲಿ ಹೇಳಿದ್ರಾ?"

"ಹೇಳ್ದೆ. ಕಣ್ಣಿಗೆ ಕಾಣಲ್ವಲ್ಲ, ಇನ್ನೇನ್ರೀ ಅಂದ್ರು."

"ಹೊಲದೋರಿಗೆ?"

ಅಪ್ಪ ಸೂಕ್ಷ್ಮದರ್ಶಕದ ದೀಪ ಆರಿಸಿದರು. "ಹೋಗ್ತೀನಿ. ಕಂಡ ತಕ್ಷಣ ಹೊಗಳೋಕೆ ಶುರು ಮಾಡ್ತಾರೆ. ನಾಲಿಗೆ ಏಳಲ್ಲ."

ಹಾಗೆ ಹೋದಾಗಲೆಲ್ಲ ಅವರು ಮಾತಿನ ಬದಲು ಒಂದು ಹಿಡಿ ಮಣ್ಣು ತಂದರು. ಕಪಾಟು ತುಂಬಿತು. ಊಟಕ್ಕೆ ಕೂತರೆ ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಅಮ್ಮ ಉಪ್ಪು ಹೆಚ್ಚಾಯಿತೇನೋ ಎಂದು ಪೇಚಾಡಿಕೊಳ್ಳುತ್ತಿದ್ದಳು.

*

ಹೂಳುವ ಜಾಗ ಹೊಲಗಳಿಗೆ ಅಂಟಿಕೊಂಡೇ ಇತ್ತು. ದಾರಿಯಲ್ಲಿ ಮ್ಯಾನೇಜರು ಮಗಳ ಪಕ್ಕಕ್ಕೆ ಬಂದರು.

"ಯೋಚ್ನೆ ಮಾಡಮ್ಮ. ಆ ಬಾಟಲಿ ಹೊರಗೆ ಬಂದ್ರೆ ಮೊದಲು ಹಾಳಾಗೋದು ನಿಮ್ಮಪ್ಪನ ಹೆಸರು. ಇವತ್ತು ಅಳ್ತಿರೋ ಜನಾನೇ ನಾಳೆ ಬಂದು ಗೋರಿ ಮೇಲೆ ಉಗೀತಾರೆ."

ಅವರು ಹೇಳಿದ್ದು ಸುಳ್ಳಲ್ಲ. ಮುಂದೆ ಅಮ್ಮ ಚಿಕ್ಕಪ್ಪನ ತೋಳು ಹಿಡಿದು ಕಾಲೆಳೆದುಕೊಂಡು ನಡೆಯುತ್ತಿದ್ದಳು. ಉಗಿಯುವುದನ್ನು ಅವಳೂ ನೋಡಬೇಕಾಗುತ್ತದೆ.

ಅಪ್ಪನನ್ನು ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಮಗಳು ತನ್ನ ಪಾಲಿನದನ್ನು ಹಾಕಿ, ನೆಟ್ಟಗೆ ಆ ಹೆಂಗಸಿನ ಬಳಿ ಹೋದಳು.

"ಅಕ್ಕಾ, ಈಗಲೇ ನನ್ನ ಜೊತೆ ಮನೆಗೆ ಬನ್ನಿ. ಅಪ್ಪ ನಿಮಗೊಂದು ತೋರಿಸ್ಬೇಕು ಅಂತಿದ್ರು. ಅವರ ಕೈಲಿ ಆಗ್ಲಿಲ್ಲ."

"ಏನಮ್ಮ ಅದು?" ಹೆಂಗಸು ಮತ್ತೆ ಅವಳ ಕೈ ಹಿಡಿದುಕೊಂಡಳು.

"ನಿಮ್ಮ ಹೊಲದ ಮಣ್ಣು. ಮಗೂಗೆ ಆ ಸೊಪ್ಪು ಸದ್ಯಕ್ಕೆ ಕೊಡ್ಬೇಡಿ."

ಹೆಂಗಸು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟಳು. ಅವಳ ಹಿಂದೆ, ಗುಂಡಿಯ ಅಂಚಿನಲ್ಲಿ, ಮ್ಯಾನೇಜರು ಮಣ್ಣು ಹಾಕಿದ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಲ್ಲೇನೋ ಸಣ್ಣಗೆ ಮಿರುಗುತ್ತಿತ್ತು. ಕರವಸ್ತ್ರ ತೆಗೆದು ಒರೆಸಿದರು. ಒರೆಸಿದಷ್ಟೂ ಅದು ಕೈಯ ಗೆರೆಗಳೊಳಗೆ ಇಳಿಯುತ್ತಿತ್ತು.